ಕೂಲಿ ಲೆಕ್ಕದ ಆ್ಯಪು, ಲೆಕ್ಕಕ್ಕೆ ಬರದ ಕೂಲಿ: ಒಂದು ಪ್ರಕರಣ ಅಧ್ಯಯನ

ಅಡಿಕೆ ಬೆಳೆಗಾರರು ಕೂಲಿ ಲೆಕ್ಕ ಇಡೋಕೆ ಅಂತ ಆ್ಯಪ್ ಮಾಡಿದ ಒಂದು ಮನೆಯ ಕಥೆ ಇದು, ಇದರಲ್ಲಿ ಬರೋ ಗಂಡ ಹೆಂಡ್ತಿ ಇಬ್ಬರ ಒಪ್ಪಿಗೆ ತಗೊಂಡೇ ಬರೀತಿದೀನಿ. ಹೆಸರು ಬದಲಾಯಿಸಿದೀನಿ, ಊರು ಹೇಳಲ್ಲ, ಆ್ಯಪ್ ಹೆಸರೂ ಹೇಳಲ್ಲ, ದುಡ್ಡಿನ ಅಂಕಿಗಳನ್ನ ಸ್ವಲ್ಪ ಆಚೀಚೆ ಮಾಡಿದೀನಿ, ಆದ್ರೆ ಯಾವುದು ಯಾವುದಕ್ಕಿಂತ ಜಾಸ್ತಿ ಯಾವುದು ಕಮ್ಮಿ ಅನ್ನೋದು ಇದ್ದ ಹಾಗೇ ಇದೆ. ನಾನೂ ಒಬ್ನೇ ಕೂತು ಆ್ಯಪ್ ಮಾಡಿ ಸಂಸಾರ ನಡೆಸೋನು, ನಮ್ಮಂಥೋರು ಸೇರಿದಾಗೆಲ್ಲ ಮಾತು ಹೋಗೋದು ಯಾವ ಫ್ರೇಮ್‌ವರ್ಕ್, ಎಷ್ಟು ಡೌನ್‌ಲೋಡ್, ಎಷ್ಟು ರೇಟಿಂಗ್ ಅನ್ನೋದರ ಕಡೆಗೇ. ಈ ಪ್ರಕರಣದಲ್ಲಿ ನಿಜವಾಗಿ ಎಲ್ಲಾ ನಿಂತಿದ್ದು ಬೇರೆ ಕಡೆ, ಅಂದ್ರೆ ಬಳಸೋರು ಫೋನ್ ಮಾಡಿದಾಗ ಮನೇಲಿ ಯಾರು ಎತ್ತುತಿದ್ರು ಅನ್ನೋದರ ಮೇಲೆ. ಅದಕ್ಕೇ ಇದನ್ನ ಪೂರ್ತಿಯಾಗಿ ಬರೆದಿಡಬೇಕು ಅನ್ನಿಸ್ತು.

ಹಿನ್ನೆಲೆ

ಆತನನ್ನ ರಘು ಅಂತ ಕರೀತೀನಿ. ಶಿವಮೊಗ್ಗ ಜಿಲ್ಲೆ ಮಲೆನಾಡಿನ ಕಡೆಯವನು, ಮನೆಗೆ ಎರಡು ಎಕರೆ ಚಿಲ್ಲರೆ ಅಡಿಕೆ ತೋಟ. ಬೆಂಗಳೂರಲ್ಲಿ ಹತ್ತು ವರ್ಷದ ಮೇಲೆ ಆ್ಯಂಡ್ರಾಯ್ಡ್ ಕೆಲಸ ಮಾಡಿದವನು. ಹೆಂಡತಿ ಸುಮಾ, ಇಬ್ರೂ ಒಂದೇ ಪಿಯು ಕಾಲೇಜಲ್ಲಿ ಓದಿದವರು, ಆಮೇಲೆ ಆತ ಇಂಜಿನಿಯರಿಂಗ್ ಅಂತ ಹೋದ, ಅವರು ಎಂಕಾಂ ಮಾಡಿ ಕಾಲೇಜಲ್ಲಿ ಅತಿಥಿ ಉಪನ್ಯಾಸಕಿ ಆದ್ರು. ಅತಿಥಿ ಉಪನ್ಯಾಸಕರ ಕೆಲಸ ಗೊತ್ತಲ್ಲ, ಪ್ರತಿ ವರ್ಷ ಹೊಸ ಆದೇಶ ಬರತ್ತೋ ಇಲ್ವೋ ಅಂತ ಕಾಯೋದು. ಒಬ್ಬಳು ಮಗಳು, ಈ ಕಥೆ ಶುರುವಾಗುವಾಗ ಎಲ್‌ಕೆಜಿ ವಯಸ್ಸು.

2021ರ ಎರಡನೇ ಲಾಕ್‌ಡೌನಲ್ಲಿ ಎಲ್ರೂ ಊರಿಗೆ ಬಂದ್ರು. ಆಗ ರಘು ಮೊದಲ ಸಲ ಅಪ್ಪಯ್ಯನ ಕೂಲಿ ಲೆಕ್ಕದ ಪುಸ್ತಕ ಗಮನ ಇಟ್ಟು ನೋಡಿದ್ದು. ಅಡಿಕೆ ಮನೆಯಲ್ಲಿ ಕೂಲಿ ಲೆಕ್ಕ ಅಂದ್ರೆ ಸುಲಭ ಇಲ್ಲ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯೋರಿಗೆ ಒಂದು ರೇಟು, ಕೊಯ್ಲಿನಲ್ಲಿ ಮರ ಹತ್ತೋ ಕೊನೆಗೌಡನಿಗೆ ಒಂದು ರೇಟು, ಕೆಳಗೆ ಹೊರೋರಿಗೆ ಇನ್ನೊಂದು, ಸುಲಿಯೋಕೆ ಬರೋ ಹೆಂಗಸರಿಗೆ ದಿನದ ಲೆಕ್ಕ ಅಲ್ಲ, ಸುಲಿದಷ್ಟು ತೂಕಕ್ಕೆ. ಅದರ ಜೊತೆ ಮುಂಗಡ. ಚೌತಿಗೆ ಒಂದಿಷ್ಟು, ದೊಡ್ಡಹಬ್ಬಕ್ಕೆ ಒಂದಿಷ್ಟು, ಮಗಳ ಮದುವೆಗೆ ಒಂದು ದೊಡ್ಡ ಮೊತ್ತ, ಅದು ಎರಡು ಸೀಸನ್ ದಾಟಿ ಮುರ್ಕೊಳ್ಳೋದು. ಅರ್ಧ ದಿನ ಬಂದಿದ್ದು, ಮಳೆ ಬಂತು ಅಂತ ಮಧ್ಯಾಹ್ನವೇ ಹೋಗಿದ್ದು, ಎಲ್ಲಾ ಒಂದೇ ಹಾಳೆಯಲ್ಲಿ ಅಪ್ಪಯ್ಯನಿಗೆ ಮಾತ್ರ ಅರ್ಥ ಆಗೋ ಗುರುತುಗಳಲ್ಲಿ.

ರಘು ಅಪ್ಪಯ್ಯನಿಗೆ ಅಂತ ಒಂದು ಆ್ಯಪ್ ಮಾಡ್ದ. ತೋಟದಲ್ಲಿ ನೆಟ್‌ವರ್ಕ್ ಇಲ್ಲ, ಮಳೆಗಾಲದಲ್ಲಿ ಕರೆಂಟೂ ಇಲ್ಲ, ಹಾಗಾಗಿ ಮೊದಲ ದಿನದಿಂದ ಸರ್ವರೇ ಇಲ್ಲದ ಆ್ಯಪು, ಎಲ್ಲಾ ಮಾಹಿತಿ ಫೋನಲ್ಲೇ. 25 ಡಾಲರ್ ಕಟ್ಟಿ ಪ್ಲೇ ಸ್ಟೋರಲ್ಲಿ ಪರ್ಸನಲ್ ಡೆವಲಪರ್ ಅಕೌಂಟ್ ಮಾಡ್ಕೊಂಡು ಹಾಕ್ದ. ಆಗ ಅಷ್ಟೇ ಸಾಕಿತ್ತು, 2023ರ ನವೆಂಬರ್ 13ರ ನಂತರ ಮಾಡಿದ ಪರ್ಸನಲ್ ಅಕೌಂಟುಗಳಿಗೆ ಮೊದಲು 20 ಜನ ಟೆಸ್ಟರುಗಳು 14 ದಿನ ಬಳಸಿರಬೇಕು ಅನ್ನೋ ನಿಯಮ ಬಂತು, ಆಮೇಲೆ ಅದನ್ನ 12 ಜನಕ್ಕೆ ಇಳಿಸಿದ್ರು. ಈಗ ಹೊಸದಾಗಿ ಶುರು ಮಾಡೋರು ಇದನ್ನ ಮೊದಲೇ ಲೆಕ್ಕಕ್ಕೆ ಹಿಡೀಬೇಕು.

ಆ್ಯಪ್ ಫ್ರೀ. ಸಹಾಯದ ಸ್ಕ್ರೀನಲ್ಲಿ ರಘುನ ಸ್ವಂತ ಮೊಬೈಲ್ ನಂಬರ್. ಈ ಎರಡು ನಿರ್ಧಾರ ಆವತ್ತು ಯಾರಿಗೂ ನಿರ್ಧಾರ ಅಂತ ಅನ್ನಿಸಿರ್ಲಿಲ್ಲ.

ಲೆಕ್ಕ ಅಳಿಸಬಾರದು

ಸುಮಾ ಈ ಕೆಲಸಕ್ಕೆ ಬಂದಿದ್ದು ಫೋನ್ ಎತ್ತೋಕೆ ಅಲ್ಲ, ಅದನ್ನ ಮೊದಲೇ ಹೇಳ್ಬೇಕು, ಯಾಕಂದ್ರೆ ಆಮೇಲೆ ಎಲ್ರೂ ಅದನ್ನ ಮರೆತ್ರು. ಮೊದಲ ವರ್ಷನ್‌ನಲ್ಲಿ ರಘು ಪ್ರತಿ ಆಳಿನ ಹೆಸರಿಗೂ ಒಂದು ಬಾಕಿ ಮೊತ್ತ ಇಟ್ಟಿದ್ದ, ಹಾಜರಿ ಹಾಕಿದ್ರೆ ಕೂಡ್ತಿತ್ತು, ಮುಂಗಡ ಕೊಟ್ರೆ ಕಳೀತಿತ್ತು, ತಪ್ಪಾದ್ರೆ ಎಂಟ್ರಿ ತಿದ್ದಬಹುದಿತ್ತು, ಅಳಿಸಲೂಬಹುದಿತ್ತು. ಮೊದಲ ಸೀಸನ್ನಲ್ಲೇ ಜಗಳ. ಒಬ್ಬ ಯಜಮಾನರು ಸುಲಿತದ ತೂಕ ತಪ್ಪು ಹಾಕಿ ಆಮೇಲೆ ತಿದ್ದಿದಾರೆ, ಹಳೇ ಅಂಕಿ ನೋಡಿದ್ದ ಹೆಂಗಸು ವಾರದ ಕೊನೆಗೆ ಬೇರೆ ಅಂಕಿ ಕಂಡು ಇದರಲ್ಲೇನೋ ಮೋಸ ಇದೆ ಅಂತ ಕೆಲಸ ಬಿಟ್ಟು ಹೋದ್ರು.

ಸುಮಾ ಹೇಳಿದ್ದು ಇಷ್ಟೇ, "ಲೆಕ್ಕದಲ್ಲಿ ಅಳಿಸೋದು ಅಂತ ಇಲ್ಲ. ತಪ್ಪಾಗಿದ್ರೆ ಅದರ ಕೆಳಗೆ ವಾಪಸ್ ಎಂಟ್ರಿ ಹಾಕ್ಬೇಕು, ಎರಡೂ ಕಾಣ್ಬೇಕು." ರಘು ಡೇಟಾಬೇಸನ್ನೇ ಬದಲಾಯಿಸ್ದ. ಬಾಕಿ ಮೊತ್ತ ಅಂತ ಎಲ್ಲೂ ಉಳಿಸೋದೇ ಇಲ್ಲ, ಎಂಟ್ರಿಗಳ ಸಾಲು ಮಾತ್ರ, ಬಾಕಿ ಬೇಕಾದಾಗೆಲ್ಲ ಮೊದಲಿಂದ ಕೂಡಿಸಿ ತೋರಿಸೋದು. "ತಪ್ಪಾಯ್ತು" ಅಂತ ಒಂದು ಬಟನ್, ಒತ್ತಿದ್ರೆ ಹಳೇ ಸಾಲಿಗೆ ಗೆರೆ ಬಿದ್ದು ಕೆಳಗೆ ಹೊಸ ಸಾಲು ಬರತ್ತೆ. ನನ್ನ ಪ್ರಕಾರ ಆ ಆ್ಯಪ್ ಇವತ್ತಿಗೂ ಬದುಕಿರೋದು ಈ ಒಂದು ಬದಲಾವಣೆಯಿಂದ, ಕೂಲಿ ಲೆಕ್ಕ ಅನ್ನೋದು ಯಜಮಾನನ ಖಾಸಗಿ ಟಿಪ್ಪಣಿ ಅಲ್ಲ, ಇಬ್ಬರ ನಡುವಿನ ದಾಖಲೆ ಅನ್ನೋದನ್ನ ಕೋಡಿಗೆ ಕಲಿಸಿದ್ದು ಅದು.

ಅದೇ ದಾರಿಯಲ್ಲಿ ಆಳುಗಳಿಗೆ ವಾರದ ಚೀಟಿ ವಾಟ್ಸಾಪಲ್ಲಿ ಕಳಿಸೋದು ಬಂತು. ಇಲ್ಲಿ ಕನ್ನಡದಲ್ಲಿ ಆ್ಯಪ್ ಮಾಡೋ ಎಲ್ರಿಗೂ ಗೊತ್ತಿರೋ ಕಷ್ಟ, ಪಿಡಿಎಫ್ ಮಾಡೋಕೆ ಬಳಸಿದ್ದ ಲೈಬ್ರರಿಗೆ (ಬೇರೆಯವರು ಬರೆದಿಟ್ಟ ರೆಡಿಮೇಡ್ ಕೋಡ್) ಒತ್ತಕ್ಷರ ಬರ್ತಿರ್ಲಿಲ್ಲ, ಕೃಷ್ಣಪ್ಪನ ಹೆಸರಲ್ಲಿ ಣ-ಒತ್ತು ಕೆಳಗೆ ಹೋಗದೆ ಪಕ್ಕಕ್ಕೆ ಬಂದು ಕೂರ್ತಿತ್ತು. ಕೊನೆಗೆ ಲೈಬ್ರರಿ ಬಿಟ್ಟು, ಸ್ಕ್ರೀನ್ ಮೇಲೆ ಚಿತ್ರ ಬಿಡಿಸೋಕೆ ಇರೋ ಆ್ಯಂಡ್ರಾಯ್ಡಿನದೇ ಕ್ಯಾನ್ವಾಸ್ ಮೇಲೆ ಅಕ್ಷರ ಬರೆಸಿ ಅದನ್ನೇ ಚಿತ್ರವಾಗಿ ಕಳಿಸೋ ಹಾಗೆ ಮಾಡ್ದ, ಫೋನ್ ಸ್ಕ್ರೀನಲ್ಲಿ ಕನ್ನಡ ಸರಿ ಕಾಣತ್ತೆ ಅಂದ್ಮೇಲೆ ಅದೇ ಇಂಜಿನ್ ಚೀಟಿಗೂ ಸಾಕು. ಓದೋಕೆ ಬರದವರಿಗೆ ಚೀಟಿಯನ್ನ ಕನ್ನಡದಲ್ಲಿ ಓದಿ ಹೇಳೋ ಬಟನ್ನೂ ಸೇರ್ತು, ಅದು ಸುಮಾ ಅವರದೇ ಯೋಚನೆ.

ಸಮಸ್ಯೆ

2022ರ ಮಳೆಗಾಲದ ಹೊತ್ತಿಗೆ ರಘು ಕೆಲಸ ಬಿಟ್ಟ. ಒಂದೂವರೆ ವರ್ಷದ ಮನೆ ಖರ್ಚಿನಷ್ಟು ಉಳಿತಾಯ, ಜೊತೆಗೆ ಹಳೇ ಪರಿಚಯದ ಕಾಂಟ್ರ್ಯಾಕ್ಟ್ ಕೆಲಸ ಸ್ವಲ್ಪ, ತಾಲೂಕು ಕೇಂದ್ರದಲ್ಲಿ ಬಾಡಿಗೆ ಮನೆ, ಸುಮಾಗೆ ಅಲ್ಲೇ ಕಾಲೇಜಲ್ಲಿ ಅತಿಥಿ ಉಪನ್ಯಾಸಕಿ ಕೆಲಸ. ಪ್ಲಾನ್ ತಪ್ಪೇನಲ್ಲ. ಆ್ಯಪ್ ಬಾಯಿಂದ ಬಾಯಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ, ಘಟ್ಟ ಇಳಿದು ಸಿರ್ಸಿ ಸಿದ್ದಾಪುರದ ಕಡೆಗೂ ಹೋಯ್ತು ಅಂತ ಮೊದಲು ಬರೆದಿದ್ದೆ, ರಘು ಓದಿ ಸಿರ್ಸಿ ಸಿದ್ದಾಪುರ ಘಟ್ಟದ ಮೇಲೇ ಇರೋದು ಮಾರಾಯ ಅಂದ, ಸರಿ, ಒಟ್ಟು ಅಡಿಕೆ ಇರೋ ಕಡೆಗೆಲ್ಲ ಹೋಯ್ತು.

ಬಳಸೋರು ಹೆಚ್ಚಾದ ಹಾಗೆ ಫೋನೂ ಹೆಚ್ಚಾಯ್ತು. ಅಡಿಕೆ ಮನೆಯಲ್ಲಿ ಕೂಲಿ ಲೆಕ್ಕ ಬರೆಯೋ ಟೈಮ್ ಸಂಜೆ ಏಳರ ಮೇಲೆ, ಸುಲಿಯೋದು ಮುಗಿದು ತೂಕ ಹಾಕಿ ಆದ್ಮೇಲೆ. ಅಂದ್ರೆ ಫೋನ್ ಬರೋದೂ ಆಗಲೇ, ಎಂಟರಿಂದ ಹತ್ತೂವರೆ. ಆ ಹೊತ್ತಲ್ಲಿ ರಘು ಕಾಂಟ್ರ್ಯಾಕ್ಟ್ ಕೆಲಸದ ಮೀಟಿಂಗಲ್ಲಿ ಇರ್ತಿದ್ದ, ಅಮೆರಿಕದ ಕ್ಲೈಂಟು. ಫೋನ್ ಅಡುಗೆಮನೆ ಕಟ್ಟೆ ಮೇಲೆ ರಿಂಗ್ ಆಗೋದು, ಸುಮಾ ಎತ್ತೋದು. ಅವರಿಗೆ ಲೆಕ್ಕ ಗೊತ್ತು, ಆ್ಯಪ್ ಗೊತ್ತು, ಕ್ಲಾಸಲ್ಲಿ ಪಾಠ ಮಾಡಿ ರೂಢಿ ಇರೋದ್ರಿಂದ ಸಮಾಧಾನವಾಗಿ ಹೇಳೋಕೂ ಗೊತ್ತು. ಎರಡು ತಿಂಗಳಾಗೋ ಅಷ್ಟರಲ್ಲಿ ಜನ ಫೋನ್ ಮಾಡಿ "ಅಕ್ಕ ಇದಾರಾ" ಅಂತಲೇ ಕೇಳೋಕೆ ಶುರು ಮಾಡಿದ್ರು. ರಘುಗೆ ಅದು ಖುಷಿ ವಿಷಯ ಆಗಿತ್ತು, ನನ್ನ ಹತ್ರ ಹೆಮ್ಮೆಯಿಂದ ಹೇಳಿದ್ದ. ಅದರ ಬೆಲೆ ಎಲ್ಲೂ ಬರೆದಿರ್ಲಿಲ್ಲ. ಆತನ ಎಕ್ಸೆಲ್ ಶೀಟಲ್ಲಿ ಲ್ಯಾಪ್‌ಟಾಪ್ ಇತ್ತು, ಇಂಟರ್‌ನೆಟ್ ಇತ್ತು, ಸ್ಟೋರ್ ಫೀ ಇತ್ತು, ಸುಮಾ ಅವರ ಸಂಜೆ ಇರ್ಲಿಲ್ಲ.

2023ರ ಜನವರಿಯಲ್ಲಿ ಒಂದು ರಾತ್ರಿ ಫೋನ್ ಬಂತು. ಒಬ್ಬ ಬೆಳೆಗಾರರ ಫೋನ್ ತೋಟದ ಕಾಲುವೆಗೆ ಬಿದ್ದು ಸತ್ತು ಹೋಗಿದೆ, ಹೊಸ ಫೋನಲ್ಲಿ ಆ್ಯಪ್ ಹಾಕಿದ್ರೆ ಖಾಲಿ. ಇಡೀ ಸೀಸನ್ನಿನ ಲೆಕ್ಕ, ಹತ್ತಾರು ಆಳುಗಳ ಮುಂಗಡ, ಎಲ್ಲಾ ಹೋಯ್ತು. ಆ್ಯಪಿನ ಮಾಹಿತಿಯ ಒಂದು ಪ್ರತಿಯನ್ನ ತಾನಾಗೇ ಗೂಗಲ್ ಖಾತೆಗೆ ಉಳಿಸೋ ಆ್ಯಂಡ್ರಾಯ್ಡಿನ ಆಟೋ ಬ್ಯಾಕಪ್ ಆನ್ ಇದೆ ಅಂತ ರಘು ಧೈರ್ಯವಾಗಿದ್ದ. ಆದ್ರೆ ಅದು ಆಗ್ಬೇಕಾದ್ರೆ ಫೋನ್ ಸುಮ್ನೆ ಇರ್ಬೇಕು, ಸಾಮಾನ್ಯವಾಗಿ ವೈಫೈಗೆ ಸೇರಿರ್ಬೇಕು. ಮನೆಯಲ್ಲಿ ವೈಫೈ ಅನ್ನೋದೇ ಇಲ್ಲದೆ ಮೊಬೈಲ್ ಡೇಟಾ ಮೇಲೇ ಬದುಕೋ ಫೋನಲ್ಲಿ ಅದು ಒಂದು ಸಲವೂ ಆಗಿರ್ಲಿಲ್ಲ. ನೀವು ಹಳ್ಳಿ ಜನಕ್ಕೆ ಆ್ಯಪ್ ಮಾಡೋರಾದ್ರೆ ಈ ಒಂದು ವಿಷಯ ದಯವಿಟ್ಟು ಇವತ್ತೇ ಚೆಕ್ ಮಾಡಿ.

ಲೆಕ್ಕ ಕಟ್ಟಿಕೊಟ್ಟಿದ್ದು ಸುಮಾ. ವಾರವಾರ ಆಳುಗಳಿಗೆ ಹೋಗಿದ್ದ ಚೀಟಿ ಅವರವರ ವಾಟ್ಸಾಪಲ್ಲಿ ಇತ್ತಲ್ಲ, ಅದನ್ನೇ ಒಬ್ಬೊಬ್ಬರ ಹತ್ರ ತರಿಸ್ಕೊಂಡು, ಆ ಬೆಳೆಗಾರರನ್ನ ಫೋನಲ್ಲೇ ಕೂರಿಸ್ಕೊಂಡು, ಮೊದಲಿಂದ ಎಂಟ್ರಿ ಹಾಕಿಸಿದ್ರು. ಚೀಟಿಯಲ್ಲಿ ತಪ್ಪು ಎಂಟ್ರಿ, ವಾಪಸ್ ಎಂಟ್ರಿ ಎರಡೂ ಇದ್ದಿದ್ರಿಂದ ಒಂದು ರೂಪಾಯಿ ವ್ಯತ್ಯಾಸ ಬರ್ಲಿಲ್ಲ. ಆದ್ರೆ ಅದಕ್ಕೆ ಹಿಡಿದ ರಾತ್ರಿಗಳು ಅವರ ಕಾಲೇಜಿನ ಆಂತರಿಕ ಪರೀಕ್ಷೆ ಪೇಪರ್ ತಿದ್ದೋ ರಾತ್ರಿಗಳು, ಮಗಳಿಗೆ ಜ್ವರ ಬಂದಿದ್ದ ವಾರ.

ಏನೇನು ಮಾಡಿ ನೋಡಿದ್ರು

ದುಡ್ಡು ಬರಬೇಕು ಅನ್ನೋದು ಆಗ ಸ್ಪಷ್ಟ ಆಯ್ತು, ಉಳಿತಾಯವೂ ಕರಗ್ತಿತ್ತು. ಮೊದಲು ಜಾಹೀರಾತು ಹಾಕಿದ. ಸಾಲ ಕೊಡೋ ಆ್ಯಪುಗಳ ಜಾಹೀರಾತು ಬರೋಕೆ ಶುರುವಾಯ್ತು, ಆಳಿನ ಬಾಕಿ ನೋಡೋ ಸ್ಕ್ರೀನ್ ಕೆಳಗೇ. ಆ ವರ್ಗ ಬ್ಲಾಕ್ ಮಾಡಿದ್ರೆ ಇನ್ನೊಂದು ಬರೋದು, ಎಲ್ಲಾ ಬ್ಲಾಕ್ ಮಾಡಿದ್ರೆ ದುಡ್ಡೇ ಬರಲ್ಲ. ತೆಗೆದು ಹಾಕಿದ, ಅದು ಸರಿ ಅಂತ ನಾನು ಆಗಲೂ ಹೇಳಿದ್ದೆ, ಕೂಲಿ ಬಾಕಿಯ ಪಕ್ಕದಲ್ಲಿ ಸಾಲದ ಆಸೆ ತೋರಿಸೋದು ಯಾವ ಲೆಕ್ಕದಲ್ಲೂ ನ್ಯಾಯ ಅಲ್ಲ.

ಎರಡನೇದು ತಿಂಗಳ ಸಬ್‌ಸ್ಕ್ರಿಪ್ಷನ್. ಎಲ್ಲಾ ಕಡೆ ಅದನ್ನೇ ಹೇಳ್ತಾರಲ್ಲ, ತಿಂಗಳ ತಿಂಗಳ ಆದಾಯ ಅಂತ. ಆದ್ರೆ ಅಡಿಕೆ ಮನೆಗೆ ತಿಂಗಳು ಅನ್ನೋ ಲೆಕ್ಕವೇ ಇಲ್ಲ, ಅವರದ್ದು ಸೀಸನ್. ಕೊಯ್ಲು ಮುಗಿದು ಅಡಿಕೆ ಒಣಗಿದ್ಮೇಲೆ ಫೆಬ್ರವರಿ ಮಾರ್ಚಿನಿಂದ ಆ್ಯಪ್ ತೆಗೆಯೋದೇ ಕಮ್ಮಿ, ಆಗ ದುಡ್ಡು ಕಟ್ ಆದ್ರೆ ಸಿಟ್ಟು ಬರತ್ತೆ, ಸಹಜ. ಇನ್ನೊಂದು, 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ತಾನಾಗೇ ಕಟ್ ಆಗೋ ಪಾವತಿಗೆ ಮೊದಲೇ ಒಪ್ಪಿಗೆ ಬೇಕು, ಪ್ರತಿ ಸಲ 24 ಗಂಟೆ ಮುಂಚೆ ತಿಳಿಸ್ಬೇಕು. ಬಳಸೋರಿಗೆ ಇದು ಒಳ್ಳೇದೇ, ನಾನು ಅದರ ಪರ. ಆದ್ರೆ ಆ ಮೆಸೇಜ್ ನೋಡಿ ಯಾರೋ ದುಡ್ಡು ಹೊಡೀತಿದಾರೆ ಅಂತ ಹೆದರಿ ಫೋನ್ ಮಾಡೋರು ಸಾಲು ಸಾಲು. ಫೋನ್ ಎತ್ತೋರು ಯಾರು, ಸುಮಾನೇ. ದುಡ್ಡು ಬರ್ಲಿ ಅಂತ ಮಾಡಿದ ಏರ್ಪಾಡು ಅವರ ಸಂಜೆಯನ್ನ ಇನ್ನೂ ತಿಂತು.

ಮೂರನೇದು, ಕಾಂಟ್ರ್ಯಾಕ್ಟ್ ಕೆಲಸ ಜಾಸ್ತಿ ಮಾಡೋದು. ದುಡ್ಡು ಬಂತು, ಮನೆ ನಡೀತು. 2023ರ ಸೀಸನ್ ಪೂರ್ತಿ ರಘು ಹಗಲು ಆ್ಯಪಿಗೆ ಹೊಸ ಫೀಚರ್, ರಾತ್ರಿ ಕ್ಲೈಂಟ್ ಕೆಲಸ ಅಂತ ಇದ್ದ. ಅವನ ಹತ್ರ ಕೇಳಿದ್ರೆ ತಾನೇ ಎಲ್ಲಾ ಹೊತ್ತಿದೀನಿ ಅಂತಲೇ ಅನ್ನಿಸ್ತಿತ್ತು ಅಂತಾನೆ, ಆ ಭಾವನೆ ಸುಳ್ಳಲ್ಲ, ಅವನು ನಿಜವಾಗ್ಲೂ ಸವೀತಿದ್ದ. ಆದ್ರೆ ಇಬ್ಬರು ದುಡಿಯೋ ಅಂಗಡಿಯಲ್ಲಿ ಒಬ್ಬರ ಹೆಸರು ಮಾತ್ರ ಬೋರ್ಡಲ್ಲಿತ್ತು.

ನೋಟ್‌ಬುಕ್

ಸುಮಾ ಜಗಳ ಮಾಡ್ಲಿಲ್ಲ. 2023ರ ದೀಪಾವಳಿ ಕಳೆದ ಮೇಲೆ ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಗೊಂಡು ಗೆರೆ ಹಾಕಿ ಕಾಲಂ ಮಾಡಿ, ಬಂದ ಪ್ರತಿ ಫೋನನ್ನೂ ಬರೆದ್ರು. ತಾರೀಖು, ಎಷ್ಟು ಹೊತ್ತಿಗೆ, ಯಾವ ಊರು, ಏನು ಕಷ್ಟ, ಎಷ್ಟು ನಿಮಿಷ. ಕೊನೇ ಕಾಲಂ "ಆ ಹೊತ್ತಲ್ಲಿ ನಾನು ಏನು ಮಾಡ್ತಿದ್ದೆ". ಅಡುಗೆ, ಪೇಪರ್ ತಿದ್ದೋದು, ಮಗಳ ಹೋಂವರ್ಕ್, ಊಟ, ಮಲಗಿದ್ದೆ. ಸೀಸನ್ ಮುಗಿದ ಮೇಲೆ ಅದನ್ನ ರಘು ಮುಂದೆ ಇಟ್ಟು ಹೇಳಿದ್ರಂತೆ, "ನೀನು ಊರಿನವರ ಕೂಲಿಗೆಲ್ಲ ಆ್ಯಪ್ ಮಾಡಿದೀಯ. ಇದು ನನ್ನ ಹಾಜರಿ, ಇದಕ್ಕೆ ಯಾವ ರೇಟು ಹಾಕ್ತೀಯ ಹೇಳು."

ರಘು ಮೊದಲು ಮಾಡಿದ್ದು ನಿಮಿಷದ ಕಾಲಂ ಕೂಡಿಸಿದ್ದು. ಒಬ್ಬ ಬಳಕೆದಾರನಿಗೆ ಒಂದು ಸೀಸನ್ನಿಗೆ ಸರಾಸರಿ ಅರ್ಧ ಗಂಟೆ ಮೇಲೆ ಹೋಗಿತ್ತು. ಅತಿಥಿ ಉಪನ್ಯಾಸಕಿಯ ಗಂಟೆ ಲೆಕ್ಕ ಹಾಕಿದ್ರೂ ಆ ಮೊತ್ತ ಅವನ ಕಾಂಟ್ರ್ಯಾಕ್ಟ್ ಕೆಲಸದಿಂದ ಬಂದಿದ್ದರಲ್ಲಿ ದೊಡ್ಡ ಪಾಲು ಆಗ್ತಿತ್ತು. ಆಮೇಲೆ ಸುಮಾ ಇನ್ನೊಂದು ಕೆಲಸ ಮಾಡಿಸಿದ್ರು, "ಏನು ಕಷ್ಟ" ಕಾಲಂನ ಒಂದೇ ಥರದ್ದನ್ನೆಲ್ಲ ಒಂದು ಕಡೆ ಮಾಡು ಅಂತ. ಇದೇ ಈ ಪ್ರಕರಣದ ತಿರುವು ಅಂತ ನನಗನ್ನಿಸೋದು. ಫೋನುಗಳಲ್ಲಿ ಮುಕ್ಕಾಲು ಪಾಲಿಗೂ ಮೇಲೆ ನಾಲ್ಕೇ ವಿಷಯ. ಫೋನ್ ಬದಲಾಯಿಸಿದೆ ಲೆಕ್ಕ ಹೇಗೆ ತರೋದು, ಆಳಿನ ಹೆಸರು ಕನ್ನಡದಲ್ಲಿ ಹೇಗೆ ಟೈಪ್ ಮಾಡೋದು, ಹಳೇ ಸೀಸನ್ನಿನ ಮುಂಗಡ ಈ ಸೀಸನ್ನಿಗೆ ಹೇಗೆ ಬರತ್ತೆ, ದುಡ್ಡು ಯಾಕೆ ಕಟ್ ಆಯ್ತು.

ಈ ನಾಲ್ಕರಲ್ಲಿ ಒಂದೂ ಬಳಸೋರ ದಡ್ಡತನ ಅಲ್ಲ. ನಾಲ್ಕೂ ಆ್ಯಪಲ್ಲಿ ಉಳಿದಿದ್ದ ಕೆಲಸ. ಸ್ಕ್ರೀನ್ ಮಾಡಬೇಕಾಗಿದ್ದನ್ನ ಸುಮಾ ಅವರ ಬಾಯಿ ಮಾಡ್ತಿತ್ತು, ಅವರು ಚೆನ್ನಾಗಿ ಮಾಡ್ತಿದ್ದಷ್ಟು ದಿನ ರಘುಗೆ ಅದು ಕಾಣಲೇ ಇಲ್ಲ. ನಮ್ಮಲ್ಲಿ ಎಷ್ಟೋ ಜನ ಆ್ಯಪ್ ಮಾಡೋರ ಮನೆಯಲ್ಲಿ ಅಮ್ಮನೋ ಹೆಂಡತಿಯೋ ತಮ್ಮನೋ ಹೀಗೆ ಆ್ಯಪಿನ ತೂತು ಮುಚ್ಕೊಂಡು ಕೂತಿರ್ತಾರೆ, ಡ್ಯಾಶ್‌ಬೋರ್ಡಿನ ಯಾವ ಗ್ರಾಫಲ್ಲೂ ಅದು ಬರಲ್ಲ.

ಆಮೇಲೆ ಆಗಿದ್ದು

2024ರ ಬೇಸಿಗೆ ಮಳೆಗಾಲ ಎರಡೂ ಹೊಸ ಫೀಚರ್ ಒಂದೂ ಇಲ್ಲ. ನೋಟ್‌ಬುಕ್ಕೇ ಕೆಲಸದ ಪಟ್ಟಿ.

ಬ್ಯಾಕಪ್ಪಿಗೆ ರಘು ಸರ್ವರ್ ಹಾಕೋಕೆ ಹೊರಟಿದ್ದ. ಸುಮಾ ಬೇಡ ಅಂದ್ರು, ಜನ ಈಗಾಗಲೇ ಮಾಡೋದನ್ನ ನೋಡು ಅಂದ್ರು. ಮಲೆನಾಡಿನ ಮನೆಗಳಲ್ಲಿ ಮಗನೋ ಮಗಳೋ ಬೆಂಗಳೂರಲ್ಲಿ ಇರ್ತಾರೆ, ಯಾವುದೇ ಕಾಗದ ಪತ್ರದ ಫೋಟೋ ಮೊದಲು ಹೋಗೋದು ಅವರ ವಾಟ್ಸಾಪಿಗೆ. ಹಾಗಾಗಿ ವಾರಕ್ಕೊಮ್ಮೆ ಬಟವಾಡೆ ಮುಗಿದ ಕೂಡ್ಲೇ ಆ್ಯಪ್ ಒಂದು ಚಿಕ್ಕ ಫೈಲ್ ಮಾಡಿ "ಮನೆಯವರಿಗೆ ಕಳಿಸಿ" ಅಂತ ಕೇಳತ್ತೆ, ಹೊಸ ಫೋನಲ್ಲಿ ಆ ಫೈಲ್ ಮುಟ್ಟಿದ್ರೆ ಲೆಕ್ಕ ಪೂರ್ತಿ ವಾಪಸ್. ಹೆಸರು ಟೈಪ್ ಮಾಡೋ ಕಷ್ಟಕ್ಕೆ ಆಳಿನ ಫೋಟೋ, ಜೊತೆಗೆ ಬಾಯಲ್ಲಿ ಹೆಸರು ಹೇಳೋ ಸೌಲಭ್ಯ. ಮುಂಗಡಕ್ಕೆ ಸೀಸನ್ ಶುರುವಿನಲ್ಲೇ ಒಂದು ಸ್ಕ್ರೀನ್, ಹೋದ ವರ್ಷದ ಬಾಕಿ ಇಷ್ಟು, ಇಬ್ರೂ ಕೂತು ನೋಡಿ ಒಪ್ಪಿ ಅಂತ. ಅದು ಬಂದ್ಮೇಲೆ ಸೀಸನ್ ಕೊನೆಯ ಜಗಳ ಸೀಸನ್ ಶುರುವಿಗೆ ಬಂತು, ಶುರುವಿನಲ್ಲಿ ಮಾತಾಡಿದ್ರೆ ಅದು ಜಗಳ ಆಗೋದು ಕಮ್ಮಿ ಅಂತ ಬೆಳೆಗಾರರೇ ಹೇಳ್ತಾರೆ.

ಬೆಲೆ ವಿಷಯಕ್ಕೆ ಬಂದ್ರೆ, ಸಬ್‌ಸ್ಕ್ರಿಪ್ಷನ್ ತೆಗೆದು ಒಂದು ಸೀಸನ್ನಿಗೆ ಒಂದೇ ಸಲ 600 ರೂಪಾಯಿ ಅಂತ ಇಟ್ರು. ತಾನಾಗೇ ಕಟ್ ಆಗೋದು ಇಲ್ಲ, ಮುಂದಿನ ಸೀಸನ್ನಿಗೆ ಬೇಕಿದ್ರೆ ಮತ್ತೆ ಕಟ್ಟೋದು. ಈ ಅಂಕಿ ಬಂದಿದ್ದು ಬೇರೆ ಆ್ಯಪುಗಳ ಬೆಲೆ ನೋಡಿ ಅಲ್ಲ. ನೋಟ್‌ಬುಕ್ಕಿನ ನಿಮಿಷಗಳಿಗೆ ಒಂದು ಮರ್ಯಾದೆಯ ರೇಟು ಹಾಕಿ, ಅದಕ್ಕೆ ರಘುನ ಕೆಲಸ ಸೇರಿಸಿ, ಸ್ಟೋರಿನ ಪಾಲು ಕಳೆದು. ಪ್ಲೇ ಸ್ಟೋರಲ್ಲಿ ವರ್ಷಕ್ಕೆ ಮೊದಲ 10 ಲಕ್ಷ ಡಾಲರಿನವರೆಗೆ ಶೇಕಡಾ 15, ಅಂದ್ರೆ 600ರಲ್ಲಿ 90 ಹೋಗತ್ತೆ, 510 ಉಳಿಯತ್ತೆ. 2022ರ ಅಕ್ಟೋಬರಲ್ಲಿ ಭಾರತದ ಸ್ಪರ್ಧಾ ಆಯೋಗ ಗೂಗಲ್ ಮೇಲೆ ಪ್ಲೇ ಬಿಲ್ಲಿಂಗ್ (ಪ್ಲೇ ಸ್ಟೋರಿನದೇ ಪಾವತಿ ವ್ಯವಸ್ಥೆ) ವಿಚಾರದಲ್ಲಿ 936.44 ಕೋಟಿ ದಂಡ ಹಾಕಿದ ಮೇಲೆ ಇಲ್ಲಿ ಬೇರೆ ಪಾವತಿ ದಾರಿ ಇಡೋಕೂ ಅವಕಾಶ ಇದೆ, ಆಗ ಫೀ ಶೇಕಡಾ 4 ಅಂಶ ಕಮ್ಮಿ. ಆದ್ರೆ ಇನ್ನೊಂದು ಪಾವತಿ ದಾರಿ ಅಂದ್ರೆ ದುಡ್ಡು ಹೋಯ್ತು ಬರ್ಲಿಲ್ಲ ಅನ್ನೋ ಇನ್ನೊಂದು ಥರದ ಫೋನು, ಆ 4ಕ್ಕೆ ಅದು ಬೇಡ ಅಂತ ಬಿಟ್ರು. ಸಣ್ಣವರಿಗೆ ಇದು ಸರಿಯಾದ ಲೆಕ್ಕ ಅಂತ ನನ್ನ ಅಭಿಪ್ರಾಯ.

ಐದು ಆಳಿನ ತನಕ ಫ್ರೀನೇ ಉಳಿಸಿದ್ರು, ಅರ್ಧ ಎಕರೆ ತೋಟ ಇರೋರಿಗೆ. ಇಲ್ಲಿ ಇಬ್ಬರಿಗೂ ಒಂದು ವಾದ ನಡೀತು, ಬ್ಯಾಕಪ್ ದುಡ್ಡು ಕೊಟ್ಟವರಿಗೆ ಮಾತ್ರ ಇಡೋಣ ಅಂತ ರಘು, ಆಳಿನ ಕೂಲಿ ಲೆಕ್ಕ ಉಳಿಯೋದು ಯಜಮಾನ ದುಡ್ಡು ಕಟ್ಟಿದಾನೋ ಇಲ್ವೋ ಅನ್ನೋದರ ಮೇಲೆ ನಿಲ್ಲಬಾರದು ಅಂತ ಸುಮಾ. ಬ್ಯಾಕಪ್ ಎಲ್ರಿಗೂ ಉಳೀತು.

ಬೆಲೆ ಇಟ್ಟ ಸೀಸನ್ನಲ್ಲಿ ಬಳಸೋರು ಅರ್ಧಕ್ಕಿಂತ ಕಮ್ಮಿ ಆದ್ರು, ರೇಟಿಂಗೂ ಇಳೀತು, ದುಡ್ಡಿನಾಸೆ ಅಂತ ಬರೆದವರೂ ಇದಾರೆ. ರಘು ಒಂದು ವಾರ ನಿದ್ದೆಗೆಟ್ಟಿದ್ದ. ಆದ್ರೆ ಉಳಿದವರು ಕೊನೆಗೌಡನ ಒಂದು ದಿನದ ಕೂಲಿಗಿಂತ ಕಮ್ಮಿ ಅಂತ ಲೆಕ್ಕ ಹಾಕಿ ಕಟ್ಟಿದವರು, ಫೋನುಗಳು ಹಿಂದಿನ ವರ್ಷದ ಕಾಲು ಭಾಗಕ್ಕೆ ಇಳಿದ್ವು.

ಇನ್ನೊಂದು ತೊಡಕು ಆಮೇಲೆ ಬಂತು. ಪರ್ಸನಲ್ ಅಕೌಂಟಲ್ಲಿ ದುಡ್ಡು ಮಾಡೋ ಆ್ಯಪ್ ಇದ್ರೆ ಡೆವಲಪರ್ ಪೂರ್ತಿ ವಿಳಾಸ ಸ್ಟೋರಲ್ಲಿ ಎಲ್ರಿಗೂ ಕಾಣತ್ತೆ. ಅಂದ್ರೆ ಮನೆ ವಿಳಾಸ, ಮಗು ಇರೋ ಮನೆ. ಸುಮಾ ಇದಕ್ಕೆ ಒಪ್ಪಲಿಲ್ಲ, ಅದರಿಂದಲೇ ಬಹಳ ದಿನದಿಂದ ತಳ್ತಿದ್ದ ಕೆಲಸ ಆಯ್ತು. ಇಬ್ಬರ ಹೆಸರಲ್ಲಿ ಪಾಲುದಾರಿಕೆ ಸಂಸ್ಥೆ ನೋಂದಾಯಿಸಿದ್ರು, ಅರ್ಧ ಅರ್ಧ ಪಾಲು, ಪೇಟೆಯಲ್ಲಿ ಅಂಗಡಿ ಮೇಲಿನ ಒಂದು ರೂಮು ಬಾಡಿಗೆಗೆ, ಹೊಸ ಸಿಮ್. ಸಂಸ್ಥೆಯ ಡೆವಲಪರ್ ಅಕೌಂಟಿಗೆ ಡನ್ಸ್ ನಂಬರ್ (ಡನ್ ಆ್ಯಂಡ್ ಬ್ರಾಡ್‌ಸ್ಟ್ರೀಟ್ ಕಂಪನಿ ಸಂಸ್ಥೆಗಳಿಗೆ ಕೊಡೋ ಗುರುತಿನ ಸಂಖ್ಯೆ) ಬೇಕು, ಅದು ಉಚಿತ, ಆದ್ರೆ ದಾಖಲೆಗಳಲ್ಲಿ ಹೆಸರು ವಿಳಾಸ ಅಕ್ಷರ ಅಕ್ಷರ ಹೊಂದಬೇಕು, ಟೈಮ್ ಹಿಡಿಯತ್ತೆ, ಸೀಸನ್ ಮುಂಚೆ ಶುರು ಮಾಡಿ. ಹಳೇ ಅಕೌಂಟಿಂದ ಆ್ಯಪ್ ಹೊಸದಕ್ಕೆ ವರ್ಗ ಮಾಡ್ಬಹುದು, ಬಳಸೋರಿಗೆ ಏನೂ ಗೊತ್ತಾಗಲ್ಲ.

ಫೋನ್ ಎತ್ತೋದು ಈಗ ಸೀಸನ್ನಲ್ಲಿ ಸಂಜೆ ಏಳರಿಂದ ಎಂಟೂವರೆ, ಭಾನುವಾರ ಇಲ್ಲ. ಒಂದು ದಿನ ಸುಮಾ ಒಂದು ದಿನ ರಘು. ಸೀಸನ್ ನಾಲ್ಕು ತಿಂಗಳು ರಘು ಕಾಂಟ್ರ್ಯಾಕ್ಟ್ ಕೆಲಸ ಹಿಡಿಯಲ್ಲ, ಉಳಿದ ತಿಂಗಳು ಹಿಡೀತಾನೆ. ಎಲ್ಲಾ ಸೇರಿ ಆದಾಯ ಅವನ ಬೆಂಗಳೂರಿನ ಸಂಬಳದ ಮುಕ್ಕಾಲು ಭಾಗಕ್ಕೂ ಬಂದಿಲ್ಲ, ಅದನ್ನ ಮುಚ್ಚಿಡಬೇಡ ಬರಿ ಅಂತ ಅವನೇ ಹೇಳ್ದ. ಸುಮಾ ಕಾಲೇಜು ಬಿಟ್ಟಿಲ್ಲ, ಬಿಡೋ ಯೋಚನೆಯೂ ಇಲ್ಲ, ಪಾಲಿನ ದುಡ್ಡು ಅವರ ಸ್ವಂತ ಖಾತೆಗೆ ಹೋಗತ್ತೆ.

ನಾನು ನನ್ನ ಕೆಲಸಕ್ಕೆ ಇದರಿಂದ ಎತ್ಕೊಂಡಿದ್ದು ಎರಡು. ಒಂದು, ಬರೋ ಪ್ರತಿ ಫೋನು ಮೆಸೇಜನ್ನ ನಿಮಿಷದ ಸಮೇತ ಬರೆಯೋದು, ಯಾರು ಉತ್ತರ ಕೊಟ್ರು ಅನ್ನೋದರ ಸಮೇತ. ಎರಡು, ಬೆಲೆ ಇಡೋ ಮುಂಚೆ ಆ ಪುಸ್ತಕ ಕೂಡಿಸೋದು. ಫ್ರೀ ಕೊಡಬಾರದು ಅಂತಲ್ಲ, ರಘು ಸುಮಾ ಇವತ್ತಿಗೂ ಎಷ್ಟೋ ಮನೆಗೆ ಫ್ರೀ ಕೊಡ್ತಿದಾರೆ, ಆದ್ರೆ ಈಗ ಅದು ಇಬ್ಬರೂ ಕೂತು ಕೊಡ್ತಿರೋದು.

ಬಾಕಿ ಇರೋ ವಿಷಯ ಒಂದಿದೆ. ಅಪ್ಪನ ಫೋನಲ್ಲೂ ಮಗನ ಫೋನಲ್ಲೂ ಒಂದೇ ಲೆಕ್ಕ ಕಾಣ್ಬೇಕು ಅಂತ ಕೇಳೋರು ಪ್ರತಿ ವರ್ಷ ಹೆಚ್ಚಾಗ್ತಿದಾರೆ. ಅದಕ್ಕೆ ಸರ್ವರ್ ಬೇಕು, ಸರ್ವರ್ ಬಂದ್ರೆ ಸಾವಿರಾರು ಆಳುಗಳ ಹೆಸರು, ಫೋಟೋ, ಸಾಲದ ಲೆಕ್ಕ ಇವರ ಕೈಗೆ ಬರತ್ತೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಜವಾಬ್ದಾರಿಯೂ ಜೊತೆಗೆ ಬರತ್ತೆ. ಹಿಂದೊಮ್ಮೆ ಒಬ್ಬ ಅಡಿಕೆ ವ್ಯಾಪಾರಿ ಯಾರ ಮನೇಲಿ ಎಷ್ಟು ಸುಲಿತ ಆಗಿದೆ ಅನ್ನೋ ಮಾಹಿತಿಗೆ ಒಳ್ಳೆ ದುಡ್ಡು ಕೊಡ್ತೀನಿ ಅಂತ ಬಂದಿದ್ದ, ನಮ್ಮ ಹತ್ರ ಇಲ್ಲ ಅಂದ್ರು, ನಿಜವಾಗ್ಲೂ ಇರ್ಲಿಲ್ಲ. ಹಾಗಾಗಿ ಈ ಮಳೆಗಾಲಕ್ಕೆ ರಘು ಒಂದು ಫೋನಿನ ಹಾಟ್‌ಸ್ಪಾಟಿಗೆ ಇನ್ನೊಂದು ಫೋನ್ ಸೇರಿಸಿ ಎರಡರ ಎಂಟ್ರಿಗಳನ್ನ ಹೊಂದಿಸೋದನ್ನ ಮಾಡಿ ನೋಡ್ತಿದಾನೆ, ಅಪ್ಪ ಮಗ ಒಂದೇ ಮನೇಲಿದ್ರೆ ಅದು ಸಾಕು. ಮಗ ಬೆಂಗಳೂರಲ್ಲಿರೋ ಮನೆಗಳಿಗೆ ಏನು ಮಾಡೋದು ಅನ್ನೋದರ ಬಗ್ಗೆ ಇನ್ನೂ ಒಮ್ಮತ ಆಗಿಲ್ಲ, ಸರ್ವರ್ ಹಾಕೋದಾದ್ರೆ ಅದನ್ನ ನೋಡ್ಕೊಳ್ಳೋಕೆ ಸಂಬಳ ಕೊಟ್ಟು ಒಬ್ಬರನ್ನ ಇಡೋಷ್ಟು ದುಡ್ಡು ಮೊದಲು ಖಾತೇಲಿ ಇರ್ಬೇಕು ಅಂತ ಸುಮಾ ಹೇಳಿದಾರೆ, ರಘು ಆ ಮೊತ್ತ ಎಷ್ಟು ಅಂತ ಲೆಕ್ಕ ಹಾಕ್ತಿದಾನೆ.